ಅಪ್‌ಡೇಟ್: ಡಿಸ್ಕ್ ಹೋಯಿತು, ಫೋಟೋ ಸಿಕ್ಕವು

ಹೋದ ವಾರ ಕೇಳಿದ್ದೆನಲ್ಲ, 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕಾಪಿ ಮಾಡುವಾಗ ಮಧ್ಯದಲ್ಲೇ ಮಾಯವಾಗುತ್ತದೆ, ಡಿಸ್ಕ್‌ನ ದೋಷ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಲಾ ಅಂತ. ಬೇಡ, ಮೊದಲು ಡೇಟಾ ಹೊರಗೆ ತೆಗೀರಿ ಅಂದಿರಿ. ಆ ಮಾತು ಕೇಳಿ ಬಚಾವಾದೆ.

ಕೇಬಲ್, ಪೋರ್ಟ್ ಎರಡೂ ಬದಲಾಯಿಸಿದೆ, ಪ್ರಯೋಜನ ಆಗಲಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ರಿಪೋರ್ಟ್‌ನ 197 ನಂಬರಿನ ಸಾಲಿನಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ಚಿಕ್ಕ ಭಾಗಗಳು) 312 ಇದ್ದವು, ಮಾರನೇ ದಿನ 340. ಮೇಲೆ ಮಾತ್ರ ದೊಡ್ಡದಾಗಿ 'ಪಾಸ್ಡ್' ಅಂತ ಇತ್ತು. ಅದನ್ನು ನಂಬಿದ್ದರೆ ಕಥೆ ಮುಗಿಯುತ್ತಿತ್ತು, ಅಲ್ವಾ?

ಹೊಸ 2 ಟಿಬಿ ಡಿಸ್ಕ್ ತಂದು, ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಕೆಟ್ಟ ಡಿಸ್ಕ್‌ನ ಪೂರ್ತಿ ನಕಲು ತೆಗೆಯುವ ಡಿಡಿರೆಸ್ಕ್ಯೂ ಹಚ್ಚಿದೆ. ಅದು ಮೊದಲು ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಕೊನೆಗೆ ಕೆದಕುತ್ತದೆ. ಡಿಸ್ಕ್ ನಾಲ್ಕು ಸಲ ಕೈಕೊಟ್ಟಿತು, ಆದರೆ ಎಲ್ಲೆಲ್ಲಿ ಓದಿ ಆಗಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಇದ್ದದ್ದರಿಂದ ಪ್ರತಿ ಸಲವೂ ನಿಂತ ಜಾಗದಿಂದಲೇ ಮುಂದುವರಿಸಿದೆ. ಆ ಫೈಲನ್ನು ಹೊಸ ಡಿಸ್ಕ್‌ನಲ್ಲೇ ಇಡಿ. ಲೈವ್ ಲಿನಕ್ಸ್‌ನಲ್ಲಿ ಸುಮ್ನೆ ಬಿಟ್ಟರೆ ರೀಬೂಟ್ ಆದಾಗ ಅಳಿಸಿಹೋಗುತ್ತದೆ. ಡಿಸ್ಕ್ ಜಾಸ್ತಿ ಬಿಸಿಯಾಗುತ್ತಿತ್ತು ಅಂತ ಟೇಬಲ್ ಫ್ಯಾನನ್ನೂ ಅದರ ಕಡೆ ತಿರುಗಿಸಿಟ್ಟು, ನಾವೆಲ್ಲ ಎರಡು ರಾತ್ರಿ ಸೆಕೆಯಲ್ಲಿ ಮಲಗಿದೆವು.

ಕೊನೆಗೆ ಬರದೇ ಉಳಿದದ್ದು 11 ಎಂಬಿ ಅಷ್ಟೇ. ಆ ನಕಲನ್ನು (ಇಮೇಜ್) ಏನೂ ಬದಲಾಗದಂತೆ ರೀಡ್ ಓನ್ಲಿ ಆಗಿ ಮೌಂಟ್ ಮಾಡಿ ತೆರೆದರೆ ಫೋಲ್ಡರ್‌ಗಳೆಲ್ಲ ಹಾಗೇ ಇದ್ದವು. ಕಳೆದುಹೋದ ಫೈಲ್‌ಗಳನ್ನು ಹುಡುಕಿ ತೆಗೆಯುವ ಫೋಟೋರೆಕ್ ಬೇಕಾಗಲಿಲ್ಲ, ಪುಣ್ಯಕ್ಕೆ, ಅದರಲ್ಲಿ ಫೈಲಿನ ಹೆಸರುಗಳೇ ಉಳಿಯುವುದಿಲ್ಲ. ತಂಗಿ ಮದುವೆ ವಿಡಿಯೋದಲ್ಲಿ ಧಾರೆ ಹೊತ್ತಿಗೆ ಒಂದೆರಡು ಕಡೆ ಚೌಕ ಚೌಕ ಬರುತ್ತದೆ. ಅವಳಿಗೆ ಇನ್ನೂ ಹೇಳಿಲ್ಲ.

ಹಳೇ ಡಿಸ್ಕ್ ಡ್ರಾಯರ್‌ನಲ್ಲಿದೆ. ಒಳಗಿನ ಮ್ಯಾಗ್ನೆಟ್ ಮಗನಿಗೆ ಬೇಕಂತೆ.