ಮಣ್ಣು ಒದ್ದೆ ಇದ್ದರೂ ಸೇಜ್ ಗಿಡ ಬಾಡ್ತಿದೆ, ಯಾಕೆ?

ಪ್ರಶ್ನೆ: ಬೆಂಗಳೂರು, ತಾರಸಿ ತೋಟ. ಪ್ಲಾಸ್ಟಿಕ್ ಪಾಟ್‌ನಲ್ಲಿ ಸೇಜ್ (ಅಡುಗೆಗೆ ಬಳಸುವ ಸುವಾಸನೆಯ ಎಲೆಯ ಗಿಡ) ಇದೆ. ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಮಳೆ ಹಿಡಿದ ಮೇಲೆ ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದೆ, ತುದಿಗಳು ಜೋತು ಬಿದ್ದಿವೆ. ಬಾಡಿದೆ ಅಂತ ದಿನಾ ನೀರು ಹಾಕುತ್ತಿದ್ದೇನೆ. ನರ್ಸರಿಯ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣವನ್ನು ಬದಲಾಯಿಸಿಲ್ಲ. ಗೊಬ್ಬರ ಹಾಕಲಾ?

ಉತ್ತರ: ಗೊಬ್ಬರ ಬೇಡ, ಮೊದಲು ನೀರು ನಿಲ್ಲಿಸಿ. ಒದ್ದೆ ಮಣ್ಣಿನಲ್ಲಿ ಗಿಡ ಬಾಡಿದರೆ ಮೊದಲ ಅನುಮಾನ ಬೇರಿನ ಮೇಲೆ. ಕೊಳೆತ ಬೇರು ನೀರು ಎಳೆಯುವುದಿಲ್ಲ. ತುಳಸಿ, ಪುದೀನ ಸೇಜ್‌ನ ನೆಂಟರೇ. ಆದರೆ ಇದು ಮೆಡಿಟರೇನಿಯನ್ ಕಡೆಯ ಒಣ ಕಲ್ಲುಗುಡ್ಡಗಳ ಗಿಡ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ನಮ್ಮ ಜೂನ್–ಸೆಪ್ಟೆಂಬರ್ ಮಳೆ ಅದಕ್ಕೆ ಒಗ್ಗುವುದಿಲ್ಲ. ಕೊಕೊಪೀಟ್ ಬೇರೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಗಿಡ ಹೊರಗೆ ತೆಗೆದು ನೋಡಿ. ಬೇರು ಬಿಳಿಯಾಗಿ ಗಟ್ಟಿ ಇದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದರೆ ಅಷ್ಟನ್ನೂ ಕತ್ತರಿಸಿ. ಮಣ್ಣಿನ ಕುಂಡಕ್ಕೆ ಬದಲಾಯಿಸಿ: ತೋಟದ ಮಣ್ಣು, ದಪ್ಪ ಮರಳು ಸಮ ಪಾಲು, ಒಂದು ಹಿಡಿ ಎರೆಗೊಬ್ಬರ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಆದರೆ ತೊಳೆದು ಪುಡಿ ತೆಗೆದುಬಿಡಿ, ಇಲ್ಲದಿದ್ದರೆ ಗಟ್ಟಿಯಾಗಿ ಕೂರುತ್ತದೆ. ಮಳೆ ಬೀಳದ, ಆದರೆ ಬಿಸಿಲು ಸಿಗುವ ಕಡೆ ಇಡಿ. ಬೆರಳು ಚುಚ್ಚಿದಾಗ ಒಳಗೂ ಒಣಗಿದ್ದರೆ ಮಾತ್ರ ನೀರು.

ಪ್ರಶ್ನೆ: ತೆಗೆದು ನೋಡಿದೆ. ಮುಕ್ಕಾಲು ಬೇರು ಕಂದಾಗಿ ವಾಸನೆ ಬರುತ್ತಿದೆ. ಒಂದು ಕೊಂಬೆ ಮಾತ್ರ ಹಸಿರಾಗಿದೆ.

ಉತ್ತರ: ಹಾಗಾದರೆ ತಾಯಿ ಗಿಡ ನೆಚ್ಚಿಕೊಳ್ಳಬೇಡಿ. ಆ ಕೊಂಬೆಯಿಂದ ಹೂ ಬಿಡದ ತುದಿಗಳನ್ನು 3–4 ಇಂಚು ಕತ್ತರಿಸಿ, ಕೆಳಗಿನ ಎಲೆ ಕಿತ್ತು, ತೇವದ ಮರಳಲ್ಲಿ ನೆಡಿ. ನೆರಳಲ್ಲಿಡಿ. ಬೇರು ಬಿಡಲು ಒಂದು ತಿಂಗಳಾದರೂ ಬೇಕು, ನಡುವೆ ಎಳೆದು ನೋಡಬೇಡಿ!

ಪ್ರಶ್ನೆ: ಕಿತ್ತ ಎಲೆ ಅಡುಗೆಗೆ ಆಗುತ್ತಾ?

ಉತ್ತರ: ಹಳದಿಯಾದದ್ದು, ಬೂದಿ ರೋಗ ಬಡಿದದ್ದು ಬೇಡ. ಹಸಿರು ಎಲೆಯ ತೇವ ಒರೆಸಿ, ಬೆಣ್ಣೆಯಲ್ಲಿ ಗರಿಗರಿಯಾಗುವಷ್ಟು ಹುರಿದು, ಬೇಯಿಸಿದ ಸಿಹಿಗುಂಬಳ ಅಥವಾ ಆಲೂಗಡ್ಡೆ ಮೇಲೆ ಹಾಕಿ. ಇಬ್ಬರಿಗೆ ನಾಲ್ಕೈದು ಎಲೆ ಸಾಕು. ಕೊತ್ತಂಬರಿ ಸೊಪ್ಪಿನ ಥರ ಸುರಿದರೆ ಕರ್ಪೂರದ ಘಾಟು. ಕಷಾಯ ಮಾಡಿ ದಿನಾ ಕುಡಿಯುವುದು ಮಾತ್ರ ಬೇಡ. ಸೇಜ್‌ನ ಎಣ್ಣೆಯಲ್ಲಿ ಥುಜೋನ್ ಎಂಬ ರಾಸಾಯನಿಕ ಇದೆ, ಜಾಸ್ತಿಯಾದರೆ ನಂಜು. ಬಸುರಿಯರು, ಮೂರ್ಛೆ ರೋಗ ಇರುವವರು ಕಷಾಯದ ತಂಟೆಗೇ ಹೋಗಬಾರದು.