ತುಟಿ ಬಝಿಂಗ್: ಮಾಸ್ಟರನ್ನು ಕೇಳಿ (ಮಂಗಳವಾರದ ಪ್ರಶ್ನೋತ್ತರ)

ನಿರ್ವಾಹಕ (6:00): ಇವತ್ತು ಮಾಸ್ಟರ್ ನಮ್ಮ ಜೊತೆ ಇದ್ದಾರೆ. ಸೇನೆಯ ಬ್ಯಾಂಡಿನಲ್ಲಿ 24 ವರ್ಷ ಟ್ರಂಪೆಟ್ ಊದಿದವರು, ಈಗ ಮೈಸೂರಿನಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ವಿಷಯ ಒಂದೇ, ತುಟಿ ಬಝಿಂಗ್. ಟ್ರಂಪೆಟ್, ಕಾರ್ನೆಟ್, ಟ್ರೊಂಬೋನ್, ಯುಫೋನಿಯಂ, ಯಾರು ಬೇಕಾದರೂ ಕೇಳಿ. ಫಾರ್ವರ್ಡ್ ಮಾತ್ರ ಹಾಕಬೇಡಿ, ದಯವಿಟ್ಟು.

ತುಮಕೂರಿನ ಕಾರ್ನೆಟ್ (6:03): ನಮಸ್ಕಾರ ಮಾಸ್ಟರೇ. ನಾನು ಹೊಸಬ, ಮೂರು ತಿಂಗಳಾಯಿತು. ಎಲ್ಲರೂ ಬಝಿಂಗ್ ಮಾಡು ಅಂತಾರೆ. ಮೌತ್‌ಪೀಸ್ ಮಾತ್ರ ಇಟ್ಟುಕೊಂಡು ಊದಿದರೆ ಬರೀ ಗಾಳಿ ಬರುತ್ತೆ, ಇಲ್ಲಾಂದ್ರೆ ಬಾತುಕೋಳಿ ಕೂಗಿದ ಹಾಗೆ ಆಗುತ್ತೆ.

ಮಾಸ್ಟರ್ (6:09): ಬಾತುಕೋಳಿ ಬಂದಿದ್ದರೆ ಅರ್ಧ ಕೆಲಸ ಆಯಿತು. ಹಿತ್ತಾಳೆ ವಾದ್ಯದಲ್ಲಿ ರೀಡ್, ಅಂದರೆ ನಡುಗುವ ಬೆತ್ತದ ತೆಳು ಪಟ್ಟಿ, ಇಲ್ಲ. ನಿಮ್ಮ ತುಟಿಯೇ ರೀಡ್. ಟ್ರಂಪೆಟ್‌ನಲ್ಲಿ ನಡುವಿನ ಬಿ ಫ್ಲಾಟ್ ಸ್ವರ ಊದುವಾಗ ತುಟಿ ಸೆಕೆಂಡಿಗೆ 466 ಸಲ ತೆರೆದು ಮುಚ್ಚುತ್ತದೆ. ಬಝಿಂಗ್ ಅಂದರೆ ಆ ನಡುಕವನ್ನು ವಾದ್ಯ ಇಲ್ಲದೆ ಮಾಡಿ ನೋಡುವುದು, ಅಷ್ಟೇ.

"ಮ್" ಅನ್ನಿ. ತುಟಿ ಅಲ್ಲೇ ಇರಲಿ. ಬಾಯಿಯ ಎರಡು ಮೂಲೆ ಬಿಗಿ, ನಡುವೆ ಸಡಿಲ. ನಾಲಿಗೆ ತುದಿಗೆ ಕೂದಲು ಅಂಟಿದರೆ "ತ್ಪು" ಅಂತ ತೆಗೆಯುತ್ತೀರಲ್ಲ, ಆ ಗಾಳಿಯನ್ನು ನಿಲ್ಲಿಸದೆ ಉದ್ದಕ್ಕೆ ಎಳೆಯಿರಿ. ಮೌತ್‌ಪೀಸನ್ನು ಎರಡೇ ಬೆರಳಲ್ಲಿ, ಬಾಲದ ತುದಿಯಲ್ಲಿ ಹಿಡಿಯಿರಿ. ಮುಷ್ಟಿಯಲ್ಲಿ ಹಿಡಿದರೆ ಗೊತ್ತಿಲ್ಲದೆ ತುಟಿಗೆ ಒತ್ತುತ್ತೀರಿ. ಇನ್ನೊಂದು ಕೈಯ ಕಿರುಬೆರಳಿಂದ ಬಾಲದ ತೂತನ್ನು ಅರ್ಧ ಮುಚ್ಚಿ. ವಾದ್ಯ ಗಾಳಿಗೆ ಕೊಡುವ ತಡೆ ಸ್ವಲ್ಪ ಸಿಗುತ್ತದೆ, ಬಾತುಕೋಳಿ ಹೋಗಿ ಸ್ವರ ಬರುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿ ಹಿಡಿದು ಅದಕ್ಕೇ ಸೇರಿಸಿ. ಶ್ರುತಿ ಇಲ್ಲದ ಬಝಿಂಗ್ ನೊಣದ ಕೆಲಸ. ದಿನಕ್ಕೆ ಮೂರು ನಿಮಿಷ, ಸಣ್ಣ ದನಿಯಲ್ಲಿ. ಸಾಕು.

ದಾವಣಗೆರೆಯ ಯುಫೋನಿಯಂ (6:11): ದಿನಕ್ಕೆ ಎಷ್ಟು ನಿಮಿಷ ಮಾಡಬೇಕು ಸರ್?

ಮಾಸ್ಟರ್ (6:11): ಮೇಲೆ ಇದೆ.

ನಂಜನಗೂಡಿನ ಶಂಖ (6:14): ಸ್ವಾಮಿ, ನಾನು ದೇವಸ್ಥಾನದಲ್ಲಿ ಶಂಖ ಊದುವವನು. ಈ ಟ್ರಂಪೆಟ್ ಎಲ್ಲ ಗೊತ್ತಿಲ್ಲ. ನೀವು ಹೇಳಿದ "ತ್ಪು" ನಮ್ಮಪ್ಪ ನನಗೆ ಕಲಿಸಿದ್ದೇ. ಎರಡೂ ಒಂದೇನಾ?

ಮಾಸ್ಟರ್ (6:18): ಒಂದೇ. ಶಂಖ, ಕೊಂಬು, ಕಹಳೆ ಎಲ್ಲ ತುಟಿಯ ವಾದ್ಯಗಳೇ. ನಾನು ಬದುಕಿನಲ್ಲಿ ಮೊದಲು ಬಝ್ ಮಾಡಿದ್ದು ನಮ್ಮೂರ ದಾಸಯ್ಯನ ಶಂಖದಲ್ಲಿ. ಅವನು ಜಗಲಿಯ ಮೇಲೆ ಜಾಗಟೆ, ಶಂಖ ಇಟ್ಟು ಊಟಕ್ಕೆ ಕೂತಿದ್ದ. ನಾನು ಎತ್ತಿ ಊದಿದೆ. ಎಂಜಲು ಮಾಡಿದೆ ಅಂತ ಅಜ್ಜಿಯಿಂದ ಬೆನ್ನ ಮೇಲೆ ಬಿತ್ತು. ಸ್ವರ ಮಾತ್ರ ಬಂದಿತ್ತು. ನಿಮ್ಮನ್ನು ಒಂದು ಕೇಳಬೇಕು. ನೀವು ಬಾಯಿಯ ನಡುವೆ ಇಟ್ಟು ಊದುತ್ತೀರಾ, ಪಕ್ಕಕ್ಕಾ?

ನಂಜನಗೂಡಿನ ಶಂಖ (6:20): ಎಡಗಡೆ ಪಕ್ಕಕ್ಕೆ. ನಮ್ಮಪ್ಪನೂ ಹಾಗೇ.

ಹಾಸನದ ಬ್ಯಾಂಡ್ ಹುಡುಗ (6:22): ನಮಸ್ತೆ ಸರ್. ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್, ವಯಸ್ಸು 22. ಈ ತಿಂಗಳು ಹನ್ನೊಂದು ಮದುವೆ ಆರ್ಡರ್ ಆಯಿತು. ಮೆರವಣಿಗೆ ಅಂದರೆ ಒಂದೊಂದು ಮೂರು ಗಂಟೆ. ಭಾನುವಾರ ರಾತ್ರಿ ಚೆನ್ನಾಗೇ ಊದಿದೆ. ನಿನ್ನೆ ಬೆಳಗ್ಗೆ ಪ್ರಾಕ್ಟೀಸ್‌ಗೆ ಕೂತರೆ ಬಲಗಡೆ ಮೂಲೆಯಿಂದ ಗಾಳಿ ಸೋರುತ್ತೆ. ಬಝ್ ಬರುವುದೇ ಇಲ್ಲ. ನೋವೇನೂ ಇಲ್ಲ. ತುಟಿ ಸೋತಿದೆ, ದಿನಾ ಒಂದು ಗಂಟೆ ಬಝಿಂಗ್ ಮಾಡು, ಪೆನ್ಸಿಲ್ ಕಚ್ಚಿ ಹಿಡಿ ಅಂತ ಓನರ್ ಅಂದರು. ನಿನ್ನೆಯಿಂದ ಮಾಡ್ತಾ ಇದೀನಿ. ಶುಕ್ರವಾರ ಆರ್ಡರ್ ಇದೆ ಸರ್.

ಬೆಂಗಳೂರಿನ ಅಮ್ಮ (6:24): ಸರ್, ಮಗನಿಗೆ 13 ವರ್ಷ, ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್. ಹಲ್ಲಿಗೆ ಕ್ಲಿಪ್ ಹಾಕಿಸಬೇಕು ಅಂದಿದ್ದಾರೆ. ಹಾಕಿಸಿದರೆ ಊದುವುದು ಬಿಡಬೇಕಾ?

ಮಾಸ್ಟರ್ (6:35): ಹಾಸನದ ತಮ್ಮಾ, ಮೊದಲು ಮೌತ್‌ಪೀಸ್ ಕೆಳಗಿಡು. ಪೆನ್ಸಿಲೂ ಕೆಳಗಿಡು. ಪೆನ್ಸಿಲ್ ಕಚ್ಚುವುದಲ್ಲ, ತುಟಿಯಲ್ಲಿ ಹಿಡಿಯುವುದು. ಅದೂ ಚೆನ್ನಾಗಿರುವ ತುಟಿಗೆ. ಇವತ್ತು ಬಝಿಂಗ್ ಬೇಡ, ನಾಳೆಯೂ ಬೇಡ.

ತುಟಿ ಸೋಲುವುದು ನನಗೆ ಗೊತ್ತು. ಗಣೇಶನ ಸಮಯದಲ್ಲಿ, ದಸರಾದಲ್ಲಿ ಎಷ್ಟೋ ಜನರದ್ದು ನೋಡಿದ್ದೇನೆ, ನನ್ನದೂ ಸೋತಿದೆ. ಅದು ಊದುತ್ತಾ ಊದುತ್ತಾ ಸೋಲುತ್ತದೆ. ಮೊದಲು ಮೇಲಿನ ಸ್ವರ ಹೋಗುತ್ತದೆ. ಆಮೇಲೆ ಸಣ್ಣಗೆ ಊದಲು ಆಗುವುದಿಲ್ಲ, ಜೋರಾಗಿ ಮಾತ್ರ ಬರುತ್ತದೆ. ತುಟಿ ದಪ್ಪಗಾಗುತ್ತದೆ, ಉರಿಯುತ್ತದೆ. ಎರಡು ದಿನ ಬಿಟ್ಟರೆ ವಾಪಸ್ ಬರುತ್ತದೆ. ನಿನಗೆ ಭಾನುವಾರ ಮೆರವಣಿಗೆಯ ಕೊನೆವರೆಗೂ ಬಂದಿದೆ.

ಇನ್ನೊಂದು ಕೆಟ್ಟದ್ದಿದೆ. ತುಟಿಯ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ, ಒತ್ತಿ ಒತ್ತಿ ಊದಿದರೆ ಅದು ಹರಿಯಬಹುದು. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ ತುಟಿಯ ತೊಂದರೆ ವರ್ಷಗಟ್ಟಲೆ ಕಾಡಿತ್ತು. ಅವರ ಅಡ್ಡಹೆಸರು ಸ್ಯಾಚ್ಮೊ. 1982ರಲ್ಲಿ ಪ್ಲಾನಾಸ್ ಅನ್ನುವ ಸರ್ಜನ್ ಟ್ರಂಪೆಟ್ ವಾದಕರಲ್ಲಿ ಈ ಸ್ನಾಯು ಹರಿಯುವುದಕ್ಕೆ ಅದೇ ಹೆಸರಿಟ್ಟರು. ಆದರೆ ಹರಿದರೆ ನೋಯುತ್ತದೆ. ನಿನಗೆ ನೋವಿಲ್ಲ. ಮೂರನೆಯದು ಮೆದುಳಿನ ಕಡೆಯಿಂದ ಬರುವುದು. ಊಟಕ್ಕೆ, ಮಾತಿಗೆ ತುಟಿ ಸರಿ ಇರುತ್ತದೆ, ಮೌತ್‌ಪೀಸ್ ಇಟ್ಟ ಕೂಡಲೇ ಹೇಳಿದ್ದು ಕೇಳುವುದಿಲ್ಲ. ಅದು ತಿಂಗಳುಗಟ್ಟಲೆ ನಿಧಾನಕ್ಕೆ ಬರುತ್ತದೆ, ಒಂದು ರಾತ್ರಿಯಲ್ಲಿ ಅಲ್ಲ.

ರಾತ್ರಿ ಸರಿ, ಬೆಳಗ್ಗೆ ಇಲ್ಲ. ನೋವಿಲ್ಲ. ಒಂದೇ ಕಡೆ. ಇದು ನನಗೆ ಇಷ್ಟ ಆಗುತ್ತಿಲ್ಲ. ಮನೆಯವರನ್ನು ಮುಂದೆ ಕೂರಿಸಿಕೊಂಡು ಇಷ್ಟು ಮಾಡು. ಶಿಳ್ಳೆ ಹಾಕು. ಹಲ್ಲು ಕಾಣುವ ಹಾಗೆ ನಗು. ಹುಬ್ಬು ಮೇಲೆತ್ತು. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚು, ಬಲಗಣ್ಣು ಪೂರ್ತಿ ಮುಚ್ಚಿತಾ ಅಂತ ಅವರನ್ನು ಕೇಳು. ಕಾಫಿ ಕುಡಿಯುವಾಗ ಸೋರುತ್ತದಾ? ನೋಡಿ ಬಂದು ಬರಿ, ಕಾಯುತ್ತೇನೆ.

ಉಡುಪಿಯ ಸ್ಯಾಕ್ಸ್ ಪ್ರೇಮಿ (6:36): ಸ್ಯಾಕ್ಸೊಫೋನ್‌ಗೆ ಬಝಿಂಗ್ ಹೇಗೆ ಮಾಡಬೇಕು ಮಾಸ್ಟರ್?

ಮಂಗಳೂರಿನ ಟ್ರೊಂಬೋನ್ (6:37): ಸ್ಯಾಕ್ಸ್‌ಗೆ ಬಝಿಂಗ್ ಇಲ್ಲ ಮಾರಾಯ್ರೆ. ಅದು ಹಿತ್ತಾಳೆ ವಾದ್ಯವೇ ಅಲ್ಲ.

ಉಡುಪಿಯ ಸ್ಯಾಕ್ಸ್ ಪ್ರೇಮಿ (6:38): ಹಿತ್ತಾಳೆಯಲ್ಲದೆ ಮತ್ತೇನು, ಅಲ್ಯೂಮಿನಿಯಮ್ಮಾ? ನಮ್ಮ ಕದ್ರಿ ಗೋಪಾಲನಾಥರ ಕೈಯಲ್ಲಿ ಫಳಫಳ ಹೊಳೀತಿತ್ತಲ್ಲ, ಅದೇನು ಮತ್ತೆ?

ಮಂಗಳೂರಿನ ಟ್ರೊಂಬೋನ್ (6:40): ಮೈ ಹಿತ್ತಾಳೆ, ಬಾಯಿ ಬೆತ್ತ. ರೀಡ್ ನಡುಗುತ್ತೆ, ತುಟಿ ಅಲ್ಲ. 1846ರಲ್ಲಿ ಅಡಾಲ್ಫ್ ಸಾಕ್ಸ್ ಪೇಟೆಂಟ್ ತಗೊಂಡಾಗಿನಿಂದಲೂ ಅದು ಕ್ಲಾರಿನೆಟ್ ಕಡೆಯವರೇ. ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದು ದೊಡ್ಡ ಸಾಧನೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಾಸನದ ಬ್ಯಾಂಡ್ ಹುಡುಗ (6:41): ಸರ್ ನೋಡಿದೆ. ಶಿಳ್ಳೆ ಬರ್ತಿಲ್ಲ. ನಕ್ಕರೆ ಬಾಯಿ ಎಡಕ್ಕೆ ಮಾತ್ರ ಹೋಗುತ್ತೆ ಅಂತ ಅಕ್ಕ ಹೇಳಿದಳು. ಬಲ ಹುಬ್ಬು ಏಳ್ತಿಲ್ಲ. ಬಲಗಣ್ಣು ಮುಚ್ಚಿದರೂ ಬಿಳಿ ಕಾಣುತ್ತಂತೆ. ಕಾಫಿ ನಿನ್ನೆಯಿಂದ ಸೋರ್ತಾ ಇದೆ, ಅಂಗಿ ಮೇಲೆ ಬಿತ್ತು. ತುಟಿ ಸೋತಿದ್ದಕ್ಕೆ ಇರಬೇಕು ಅಂದ್ಕೊಂಡೆ.

ಉಡುಪಿಯ ಸ್ಯಾಕ್ಸ್ ಪ್ರೇಮಿ (6:42): ಹಾಗಾದರೆ ನಾದಸ್ವರ? ಅದಕ್ಕೆ ಬೇಕಾದ ದಮ್ಮು ನಿಮ್ಮ ಟ್ರೊಂಬೋನ್‌ಗೆ ಬೇಕಾ?

ಮೈಸೂರಿನ ಬ್ಯೂಗಲ್ (6:43): ನಾದಸ್ವರದಲ್ಲೂ ರೀಡ್ ಇದೆ. ದಮ್ಮಿನ ಪಂದ್ಯ ಯಾರು ಇಟ್ಟರು ಇಲ್ಲಿ?

ದಾವಣಗೆರೆಯ ಯುಫೋನಿಯಂ (6:46): 7ಸಿ ಬಿಟ್ಟು 3ಸಿ ಮೌತ್‌ಪೀಸ್ ತಗೊಂಡರೆ ಬಝಿಂಗ್ ಸುಲಭ ಆಗುತ್ತಾ? ನನ್ನ ತಮ್ಮನ ಟ್ರಂಪೆಟ್‌ಗೆ.

ಮಾಸ್ಟರ್ (6:50): ಬಾಕ್ ಕಂಪನಿಯ ಪಟ್ಟಿಯಲ್ಲಿ ಮೌತ್‌ಪೀಸ್ ಬಟ್ಟಲಿನ ಒಳ ಅಗಲ 16.20 ಮಿ.ಮೀ. ಇದ್ದದ್ದು 16.30 ಆಗುತ್ತದೆ. ದುಡ್ಡು ಉಳಿಸಿ.

ತಿಪಟೂರಿನ ಅಭಿಮಾನಿ (6:52): 🙏 ಬಂದದ್ದನ್ನು ಹಾಗೇ ಕಳಿಸಿದ್ದೇನೆ 🙏 ಊದುವ ಮುಂಚೆ ಪಟಿಕದ ನೀರಿನಲ್ಲಿ ತುಟಿ ಹತ್ತು ನಿಮಿಷ ಅದ್ದಿ. ತುಪ್ಪಕ್ಕೆ ಅರಿಶಿನ ಸೇರಿಸಿ ಮೌತ್‌ಪೀಸ್‌ಗೆ ಹಚ್ಚಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ಜೋರಾಗಿ ಬಝಿಂಗ್. 7 ದಿನದಲ್ಲಿ ಎತ್ತರದ ಸ್ವರ ಹೈ ಸಿ ಗ್ಯಾರಂಟಿ!! ಎಲ್ಲ ಕಲಾವಿದರಿಗೂ ತಲುಪಿಸಿ.

ಮಾಸ್ಟರ್ (6:59): ಇದು ನನಗೆ ಈ ವರ್ಷ ನಾಲ್ಕನೇ ಸಲ ಬಂದಿದೆ. ಪಟಿಕ ಕ್ಷೌರದ ಅಂಗಡಿಯಲ್ಲಿ ಇರಲಿ. ಅದು ಚರ್ಮವನ್ನು ಬಿಗಿದು ಒಣಗಿಸುತ್ತದೆ. ಒಣಗಿದ ತುಟಿ ನಡುಗುವುದಿಲ್ಲ, ಸೀಳುತ್ತದೆ. ತುಪ್ಪವನ್ನು ರಾತ್ರಿ ಮಲಗುವಾಗ ತುಟಿಗೆ ಹಚ್ಚಿಕೊಳ್ಳಿ, ಬೇಡ ಅನ್ನುವುದಿಲ್ಲ. ಮೌತ್‌ಪೀಸ್‌ಗೆ ಹಚ್ಚಿದರೆ ಅದು ತುಟಿಯ ಮೇಲೆ ಜಾರುತ್ತದೆ, ಜಾರದಿರಲಿ ಅಂತ ಇನ್ನೂ ಒತ್ತುತ್ತೀರಿ. ಒಂದು ಗಂಟೆ ಜೋರು ಬಝಿಂಗ್ ಬರೆದವನು ಬಝಿಂಗ್ ಮಾಡಿಲ್ಲ.

ತಿಪಟೂರಿನ ಅಭಿಮಾನಿ (7:00): ಹಿರಿಯರು ಸುಮ್ನೆ ಹೇಳ್ತಾರಾ ಸರ್?

ಮಾಸ್ಟರ್ (7:01): ಯಾವ ಹಿರಿಯರು? ಹೈ ಸಿ ಊದಿದ ಯಾವ ಹಿರಿಯರು?

ಶಿವಮೊಗ್ಗದ ಟ್ರಂಪೆಟ್ (7:05): ಸರ್, ಬಝಿಂಗ್ ಮಾಡಿದ ಮೇಲೆ ತುಟಿಯ ಸುತ್ತ ಕೆಂಪಗೆ ವೃತ್ತ, ತುರಿಕೆ. ಹಳೇ ಮೌತ್‌ಪೀಸ್, ಬೆಳ್ಳಿ ಲೇಪ ಹೋಗಿದೆ. ಹುಣಸೆಹಣ್ಣು, ಪುಡಿ ಹಾಕಿ ದಿನಾ ಉಜ್ಜುತ್ತೇನೆ. ನಾವು ಮೂವರು ಇದೇ ಬಳಸ್ತೀವಿ.

ಮಾಸ್ಟರ್ (7:11): ನೀವು ಉಜ್ಜಿಯೇ ಲೇಪ ಹೋಗಿರುವುದು. ಹುಣಸೆಹಣ್ಣು ತಂಬಿಗೆಗೆ. ಬರೀ ಹಿತ್ತಾಳೆ ಕಿಲುಬು ಹಿಡಿಯುತ್ತದೆ, ಎಷ್ಟೋ ಜನರ ಚರ್ಮಕ್ಕೆ ಆಗುವುದಿಲ್ಲ. ಮತ್ತೆ ಬೆಳ್ಳಿ ಲೇಪ ಹಾಕಿಸಿ, ಇಲ್ಲ ಹೊಸದು ತಗೊಳ್ಳಿ. ತೊಳೆಯುವುದಕ್ಕೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಸಣ್ಣ ಬ್ರಷ್. ಮೂವರಿಗೆ ಒಂದು ಮೌತ್‌ಪೀಸ್ ಅಂದರೆ ಮೂವರಿಗೆ ಒಂದು ಟೂತ್‌ಬ್ರಷ್ ಇದ್ದ ಹಾಗೆ. ಒಬ್ಬನ ತುಟಿಯಲ್ಲಿ ನೀರುಗುಳ್ಳೆ ಎದ್ದರೆ ಮೂವರಿಗೂ ಏಳುತ್ತದೆ.

ಬೆಂಗಳೂರಿನ ಅಮ್ಮ (7:12): ಸರ್, ಕ್ಲಿಪ್ ಬಗ್ಗೆ ಕೇಳಿದ್ದೆ.

ಮಂಗಳೂರಿನ ಟ್ರೊಂಬೋನ್ (7:14): ಒಂದು ಮಾತು ಹೇಳಲೇಬೇಕು. ಮೌತ್‌ಪೀಸ್ ಬಝಿಂಗೇ ಟೈಮ್ ವೇಸ್ಟ್. ವಾದ್ಯ ಜೋಡಿಸಿದಾಗ ಕೊಳವೆಯೊಳಗಿನ ಅಲೆ ವಾಪಸ್ ಬಂದು ತುಟಿಯನ್ನು ನಡುಗಿಸುತ್ತೆ. ಬರೀ ಮೌತ್‌ಪೀಸ್‌ನಲ್ಲಿ ಆ ಸಹಾಯ ಇಲ್ಲ, ತುಟಿ ಜಾಸ್ತಿ ಬಿಗಿಯಾಗುತ್ತೆ. ಅದೇ ಅಭ್ಯಾಸ ಆಗುತ್ತೆ.

ಮೈಸೂರಿನ ಬ್ಯೂಗಲ್ (7:17): ಶಿಕಾಗೊ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ಊದಿದ ಆರ್ನಾಲ್ಡ್ ಜೇಕಬ್ಸ್ ಶಿಷ್ಯರಿಗೆ ಮೌತ್‌ಪೀಸ್‌ನಲ್ಲೇ ಹಾಡು ಊದಿಸುತ್ತಿದ್ದರು. ಅವರಿಗೆ ಗೊತ್ತಿರಲಿಲ್ವಾ?

ಮಂಗಳೂರಿನ ಟ್ರೊಂಬೋನ್ (7:18): ಅವರು ಎದುರಿಗೆ ಕೂತು ತಿದ್ದುತ್ತಿದ್ದರು. ನೀವು ಫೋನ್ ನೋಡಿಕೊಂಡು ಮಾಡ್ತೀರಿ.

ಮೈಸೂರಿನ ಬ್ಯೂಗಲ್ (7:18): ನಾನು ಏನು ನೋಡಿಕೊಂಡು ಮಾಡ್ತೀನಿ ಅಂತ ನಿಮಗೆ ಹೇಗೆ ಗೊತ್ತು? ಕ್ರೈಸ್ತರ ಮದುವೆಯ ಹಿಂದಿನ ದಿನದ ರೋಸ್‌ಗೆ ಎರಡು ಪೋಲ್ಕಾ ಊದಿದ ಕೂಡಲೇ ಎಲ್ಲರೂ ಪ್ರೊಫೆಸರ್.

ಮಂಗಳೂರಿನ ಟ್ರೊಂಬೋನ್ (7:19): ರೋಸ್ ವಿಷಯಕ್ಕೆ ಬರಬೇಡಿ. ನಮ್ಮಲ್ಲಿ ಮದುವೆ ಮನೆಯಲ್ಲಿ ಹಿತ್ತಾಳೆ ಬ್ಯಾಂಡ್ ಅಂದರೆ ಮರ್ಯಾದೆ ಇದೆ.

ಮಾಸ್ಟರ್ (7:26): ಸಾಕು. ಟ್ರೊಂಬೋನ್ ಹೇಳಿದ್ದರಲ್ಲಿ ಅರ್ಧ ನಿಜ, ಅದಕ್ಕೇ ಮೂರು ನಿಮಿಷ ಅಂದದ್ದು. ಟ್ರಂಪೆಟ್‌ನವರು ಇನ್ನೊಂದು ಮಾಡಿ ನೋಡಿ. ದೊಡ್ಡ ಟ್ಯೂನಿಂಗ್ ಸ್ಲೈಡ್ (ಶ್ರುತಿ ಸರಿಮಾಡಲು ಜಾರಿಸುವ ಕೊಳವೆ) ಪೂರ್ತಿ ಎಳೆದು ತೆಗೆದು, ಮೌತ್‌ಪೀಸ್ ಜೊತೆ ಮೊದಲ ಕೊಳವೆಯಷ್ಟರಲ್ಲೇ ಊದಿ. ಹೆಚ್ಚು ಕಡಿಮೆ ಇ ಫ್ಲಾಟ್ ಬರುತ್ತದೆ. ಆ ಕೊಳವೆ ತನಗೆ ಬೇಕಾದ ಸ್ವರ ತಾನೇ ಹೇಳುತ್ತದೆ, ನೀವು ಹೋಗಿ ಸೇರಿದರೆ ಆಯಿತು. ತುಟಿ ಬಿಗಿದರೆ ಸ್ವರ ಮೇಲಕ್ಕೆ ಹೋಗಿ ಸಪ್ಪಗಾಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಜಗಳ ಆಡಲು ಬೇರೆ ಜಾಗ ನೋಡಿಕೊಳ್ಳಿ.

ನಂಜನಗೂಡಿನ ಶಂಖ (7:29): ಸ್ವಾಮಿ, ಆ ಹಾಸನದ ಹುಡುಗ ಆಗಲೇ ಏನೋ ಬರೆದಿದ್ದಾನೆ. ಯಾರೂ ನೋಡಿದ ಹಾಗಿಲ್ಲ.

ಮಾಸ್ಟರ್ (7:32): ತಮ್ಮಾ, ಈಗ ನೋಡಿದೆ. ಐವತ್ತು ನಿಮಿಷ ಆಗಿದೆ. ಕಾಯುತ್ತೇನೆ ಅಂದವನು ನಾನು, ಪಟಿಕದ ಹಿಂದೆ ಹೋದೆ.

ಈಗಲೇ ಎದ್ದು ಆಸ್ಪತ್ರೆಗೆ ಹೋಗು. ನಾಳೆ ಬೆಳಗ್ಗೆ ಅಲ್ಲ, ಈಗ. ನಾನು ಡಾಕ್ಟರ್ ಅಲ್ಲ. ಆದರೆ ಇದು ತುಟಿ ಸೋತದ್ದಲ್ಲ. ಹುಬ್ಬು ಏಳದಿರುವುದಕ್ಕೂ ಟ್ರಂಪೆಟ್‌ಗೂ ಸಂಬಂಧ ಇಲ್ಲ. ನಮ್ಮ ಬ್ಯಾಂಡಿನಲ್ಲಿ ಹಾರ್ನ್ ಊದುವವರೊಬ್ಬರಿಗೆ ಹೀಗೇ ಆಗಿತ್ತು. ಮುಖದ ಒಂದು ಪಕ್ಕದ ನರ ಸೋತಿತ್ತು. ಹಳ್ಳಿಯಲ್ಲಿ ಗಾಳಿ ಹೊಡೆದಿದೆ ಅಂತಾರೆ. ಮೊದಲ ಮೂರು ದಿನದೊಳಗೆ ಮಾತ್ರೆ ಶುರುವಾದರೆ ಗುಣ ಜಾಸ್ತಿ ಅಂತ ಅವತ್ತು ಡಾಕ್ಟರ್ ಹೇಳಿದ್ದರು. ನಿನಗೆ ಇವತ್ತು ಎರಡನೇ ದಿನ. ಎರಡೂ ಕೈ ಮುಂದೆ ಚಾಚು. ಒಂದು ಕೈ ಕೆಳಗಿಳಿದರೆ, ಮಾತು ತೊದಲಿದರೆ ಬೈಕ್ ಬೇಡ, 108ಕ್ಕೆ ಫೋನ್ ಮಾಡು. ಮುಚ್ಚದ ಕಣ್ಣನ್ನು ಉಜ್ಜಬೇಡ. ಹೊರಟ ಮೇಲೆ ಇಲ್ಲಿ ಒಂದು ಸಾಲು ಹಾಕು.

ಹಾಸನದ ಬ್ಯಾಂಡ್ ಹುಡುಗ (7:36): ಕೈ, ಮಾತು ಸರಿ ಇದೆ ಸರ್. ಭಾವನ ಬೈಕಲ್ಲಿ ಹೊರಟೆ.

ತಿಪಟೂರಿನ ಅಭಿಮಾನಿ (7:40): ಬಾಯಿ ಸೊಟ್ಟ ಆಗಿದ್ದಕ್ಕೆ ಜಾಜಿಕಾಯಿ ತೇಯ್ದು ಹಚ್ಚಿ, ಮೂರು ದಿನ ಮನೆಯಿಂದ ಹೊರಗೆ ಬರಬಾರದು 🙏 ಬಂದದ್ದನ್ನು

ಮಾಸ್ಟರ್ (7:41): ಅಳಿಸಿ. ಆ ಮೂರು ದಿನವೇ ಅವನಿಗೆ ಬೇಕಾಗಿರುವುದು. ನಿರ್ವಾಹಕರೇ, ಇವರನ್ನು ನೋಡಿಕೊಳ್ಳಿ, ಇಲ್ಲ ನಾನು ಹೊರಡುತ್ತೇನೆ.

ನಿರ್ವಾಹಕ (7:43): ಅಳಿಸಲು ಹೇಳಿದ್ದೇನೆ. ಎಲ್ಲರೂ ಸಂಯಮದಿಂದ ಇರಿ.

ತಿಪಟೂರಿನ ಅಭಿಮಾನಿ (7:44): ಒಳ್ಳೇದು ಹೇಳಿದರೂ ಬೈಗುಳ. ಗುಂಪು ಬಿಡುತ್ತಿದ್ದೇನೆ.

ಉಡುಪಿಯ ಸ್ಯಾಕ್ಸ್ ಪ್ರೇಮಿ (7:46): ನನ್ನ ಪ್ರಶ್ನೆಗೆ ಮಾಸ್ಟರ್ ಉತ್ತರ ಕೊಡಲೇ ಇಲ್ಲ. ಟ್ರೊಂಬೋನ್ ಹೇಳಿದ್ದೇ ಅಂತಿಮಾನಾ?

ತುಮಕೂರಿನ ಕಾರ್ನೆಟ್ (7:52): ಮಾಸ್ಟರೇ, ಕಿರುಬೆರಳಿಟ್ಟು ಮಾಡಿದೆ. ಸ್ವರ ಬಂತು!! ಹಾರ್ಮೋನಿಯಂ ಇಲ್ಲ, ಮಿಕ್ಸಿ ಶ್ರುತಿಗೆ ಸೇರಿಸಿದೆ.

ದಾವಣಗೆರೆಯ ಯುಫೋನಿಯಂ (7:58): ಯುಫೋನಿಯಂಗೂ ಮೂರೇ ನಿಮಿಷಾನಾ?

ಹಾಸನದ ಬ್ಯಾಂಡ್ ಹುಡುಗ (10:20): ಸರ್, ತೋರಿಸಿದೆ. ಬೆಲ್ಸ್ ಪಾಲ್ಸಿ ಅಂದರು, ನೀವು ಹೇಳಿದ ಹಾಗೆ ಮುಖದ ನರ ಸೋತಿರೋದು. ಮಾತ್ರೆ ಇವತ್ತೇ ಶುರು. ಕಣ್ಣಿಗೆ ಡ್ರಾಪ್ಸ್, ರಾತ್ರಿ ಕಣ್ಣು ಮುಚ್ಚಿ ಟೇಪ್ ಹಾಕಬೇಕಂತೆ. ಬೇಗ ಬಂದಿದ್ದು ಒಳ್ಳೇದಾಯ್ತು ಅಂದರು. ಶುಕ್ರವಾರ ಆಗಲ್ಲ ಅಂತ ಓನರ್‌ಗೆ ಹೇಳಿದೆ, ಡೋಲು ಹಿಡ್ಕೊಂಡಾದರೂ ಬಾ ಅಂದರು. ಬಝಿಂಗ್ ಯಾವಾಗಿನಿಂದ ಮಾಡಲಿ?

ಮಾಸ್ಟರ್ (10:24): ಡೋಲೂ ಬೇಡ, ಮನೆಯಲ್ಲಿ ಇರು. ಡಾಕ್ಟರ್ ಹೇಳುವವರೆಗೆ ಮೌತ್‌ಪೀಸ್ ಪೆಟ್ಟಿಗೆಯಲ್ಲೇ ಇರಲಿ. ಮೊದಲು ಶಿಳ್ಳೆ ಬರಬೇಕು. ಬಂದ ದಿನ ರೆಕಾರ್ಡ್ ಮಾಡಿ ಕಳಿಸು.

ಬೆಂಗಳೂರಿನ ಅಮ್ಮ (10:31): ಸರ್, ಮಲಗುವ ಮುಂಚೆ ಕ್ಲಿಪ್ ಬಗ್ಗೆ ಒಂದು ಮಾತು? ನಾಳೆ ಹನ್ನೊಂದಕ್ಕೆ ಡೆಂಟಿಸ್ಟ್ ಹತ್ತಿರ ಹೋಗಬೇಕು.