ಪುಟ್ಟಿ ಹಂಚಿದ ಪೋಸ್ಟರ್: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ಶನಿವಾರ ರಾತ್ರಿ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರಿನ ಬದಲು ಏರಿಯಾ ಇದೆ. ನನ್ನ ಫೋನಿನಲ್ಲೂ ಎಲ್ಲರೂ ಹಾಗೆಯೇ ಇದ್ದಾರೆ. ಪುಟ್ಟಿ ನನ್ನ ಚಿಕ್ಕಪ್ಪನ ಮಗಳು. ರಾಜಾಜಿನಗರದ ಚಿಕ್ಕಪ್ಪ, ಚಿಕ್ಕಮ್ಮ ಅವಳ ಅಪ್ಪ, ಅಮ್ಮ. ಅವಳು ಅಕ್ಕ ಅನ್ನುವುದು ನನ್ನನ್ನೇ.

ಪುಟ್ಟಿ: [ಪೋಸ್ಟರ್: ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡವರು, ಮಾಡಿಸಿಕೊಳ್ಳಲಿರುವವರು ಸೇರುವ ಭೇಟಿ. ಭಾನುವಾರ ಬೆಳಗ್ಗೆ 10.30. ಮನೆಯವರೂ ಬರಬಹುದು.]

ಪುಟ್ಟಿ: ದಸರಾ ಮುಗಿದ ಮೇಲೆ ನನ್ನ ಆಪರೇಷನ್. ಅದಕ್ಕೆ ಮುಂಚೆ ಇದಕ್ಕೆ ಹೋಗಬೇಕು ಅಂತಿದ್ದೇನೆ. ಅಕ್ಕ ಬರುತ್ತಾಳೆ. ಅಪ್ಪ, ಅಮ್ಮ, ನೀವೂ ಬನ್ನಿ. ಬೇರೆ ಯಾರಾದರೂ ಬರುತ್ತೀರಾ?

ಜಯನಗರ ದೊಡ್ಡಪ್ಪ: ಪುಟ್ಟಿ, ಇದನ್ನು ಇಲ್ಲಿ ಯಾಕಮ್ಮ ಹಾಕಿದೆ? ಆಪರೇಷನ್ನೇ ನನಗೆ ಒಪ್ಪಿಗೆ ಇಲ್ಲ. ಅದರ ಮೇಲೆ ಗೊತ್ತಿಲ್ಲದವರ ಮುಂದೆ ಕೂತು ಮನೆ ವಿಷಯ ಹೇಳಿಕೊಳ್ಳಬೇಕಾ? ನಾವೆಲ್ಲ ಏತಕ್ಕಿದ್ದೇವೆ?

ವಿಜಯನಗರ ಅತ್ತೆ: ನಾನೂ ಅದನ್ನೇ ಹೇಳೋಣ ಅಂತಿದ್ದೆ. ಬಾಯಿ ಕಟ್ಟಿದರೆ ಸಾಕು ಕಣೇ. ಬೆಳಗ್ಗೆ ಜೀರಿಗೆ ನೀರು ಕುಡಿ. ಸಂಜೆ ಲಾಲ್‌ಬಾಗ್‌ನಲ್ಲಿ ನಡಿ. ರಾತ್ರಿ ಅನ್ನ ಬಿಡು. ಯಾವ ಡಾಕ್ಟರೂ ಬೇಡ.

ಜಯನಗರ ದೊಡ್ಡಪ್ಪ: 2022ರಲ್ಲಿ ಇದೇ ಬೆಂಗಳೂರಿನಲ್ಲಿ ಒಬ್ಬ ಕಿರುತೆರೆ ನಟಿ ಹೋಗಿಬಿಟ್ಟಳು. 21 ವರ್ಷದ ಹುಡುಗಿ. ಕೊಬ್ಬು ತೆಗೆಸಲು ಹೋಗಿದ್ದಳು. ನೆನಪಿದೆಯಾ?

ರಾಜಾಜಿನಗರ ಚಿಕ್ಕಮ್ಮ: ನನಗಂತೂ ನಿದ್ದೆ ಬರುತ್ತಿಲ್ಲ ಭಾವ. ಇವಳು ಕೇಳುತ್ತಿಲ್ಲ.

ಜಯನಗರ ದೊಡ್ಡಪ್ಪ: ಇವಳ ತಲೆಗೆ ಇದನ್ನು ತುಂಬಿದ್ದು ಯಾರು ಅಂತ ನನಗೆ ಗೊತ್ತು.

ನಾನು: ದೊಡ್ಡಪ್ಪ, ನನಗೇ ಹೇಳಿದ್ದು ಅಂತ ಅರ್ಥವಾಯಿತು. ಸಿಟ್ಟಿಲ್ಲ. ನಾನು ಈ ಆಪರೇಷನ್ ಮಾಡಿಸಿಕೊಂಡು ಚೆನ್ನಾಗಿದ್ದೇನೆ, ಅದನ್ನು ನೋಡಿಯೇ ಅವಳು ಕೇಳಿದಳು. ನಾನು ಮೊದಲು ಹೇಳಿದ್ದು ಡಾಕ್ಟರ ಹತ್ತಿರ ಹೋಗು ಅಂತ ಮಾತ್ರ.

2022ರ ವಿಷಯ ಹೇಳುತ್ತೇನೆ. ಅದು ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಕಾಸ್ಮೆಟಿಕ್ ಸರ್ಜರಿ. ಮೈಯ ಆಕಾರಕ್ಕೆ ಮಾಡಿಸುವುದು. ಪುಟ್ಟಿಗೆ ಮಾಡುವುದು ಬೇರೆಯೇ. ಅವಳ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ ಮಾಡುತ್ತಾರೆ. ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತು ಅಷ್ಟೇ, ಉದ್ದಕ್ಕೆ ಕೊಯ್ಯುವುದಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿ ತಯಾರಾಗುವುದು ತೆಗೆದ ಭಾಗದಲ್ಲೇ. ಇದು ಚಂದಕ್ಕೆ ಮಾಡುವುದಲ್ಲ. ಅವಳ ಶುಗರ್ ಮಾತ್ರೆಗೆ ಬಗ್ಗುತ್ತಿಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ. ಅದಕ್ಕೆ ಮಾಡುವ ಚಿಕಿತ್ಸೆ.

ಜಯನಗರ ದೊಡ್ಡಪ್ಪ: ಸರಿ. ಹಾಗಾದರೆ 2024ರಲ್ಲಿ ಚೆನ್ನೈನಲ್ಲಿ ಪುದುಚೇರಿಯ ಹುಡುಗ ಸತ್ತನಲ್ಲ? ಅದು ಕಾಸ್ಮೆಟಿಕ್ ಅಲ್ಲ. ನಾನೂ ಪೇಪರ್ ಓದುತ್ತೇನೆ.

ನಾನು: ಹೌದು. ಅದು ತೂಕ ಇಳಿಸುವ ಸರ್ಜರಿಯೇ. ಅದನ್ನು ಮುಚ್ಚಿಡುವ ಮಾತೇ ಇಲ್ಲ. ಆಮೇಲೆ ಸರ್ಕಾರ ತನಿಖೆ ಮಾಡಿಸಿ ಆ ಆಸ್ಪತ್ರೆಯ ನೋಂದಣಿಯನ್ನು ತಡೆಹಿಡಿಯಿತು. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಬೇರೆ. ಆಸ್ಪತ್ರೆಯಲ್ಲಿ ಐಸಿಯು ಇದೆಯಾ? ರಾತ್ರಿ ಅರಿವಳಿಕೆ ಡಾಕ್ಟರ್ ಇರುತ್ತಾರಾ? ಸರ್ಜನ್ ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತಾರೆ? ಇವನ್ನು ಕೇಳಿ, ಪುಟ್ಟಿಗೆ ಉಪಕಾರವಾಗುತ್ತದೆ. ಅನುಭವ ಇರುವ ಕಡೆ ಸಾವಿನ ಅಪಾಯ ಸಾವಿರಕ್ಕೆ ಒಬ್ಬರ ಆಸುಪಾಸು. ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಈ ಶುಗರ್, ಈ ಉಸಿರಾಟ ಇಟ್ಟುಕೊಂಡು ಸುಮ್ನೆ ಇರುವುದರಲ್ಲೂ ಅಪಾಯ ಇದೆ ದೊಡ್ಡಪ್ಪ.

ವಿಜಯನಗರ ಅತ್ತೆ: ಇಂಜೆಕ್ಷನ್ ಬಂದಿದೆಯಲ್ಲ ಈಗ? ಎದುರು ಮನೆಯವರು ವಾರಕ್ಕೊಂದು ಹಾಕಿಸಿಕೊಳ್ಳುತ್ತಾರೆ.

ವೈಟ್‌ಫೀಲ್ಡ್ ಅಣ್ಣ: ಹೌದು ಅತ್ತೆ. ಮೌಂಜಾರೊ ಅನ್ನುವ ಇಂಜೆಕ್ಷನ್ 2025ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂತು. ಒಳ್ಳೆಯ ಔಷಧಿಯೇ. ಆದರೆ ನಿಲ್ಲಿಸಿದರೆ ಬಹಳ ಜನಕ್ಕೆ ತೂಕ ಮತ್ತೆ ಏರುತ್ತದೆ. ಪುಟ್ಟಿಯ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 41. ಡಾಕ್ಟರು ಇಂಜೆಕ್ಷನ್, ಆಪರೇಷನ್ ಎರಡನ್ನೂ ವಿವರಿಸಿ ಅವಳನ್ನೇ ಕೇಳಿದ್ದಾರೆ. ಅವಳು ಯೋಚನೆ ಮಾಡಿಯೇ ಹೇಳಿದ್ದಾಳೆ.

ಪುಟ್ಟಿ: ಅತ್ತೆ, ನಾನು ಬಾಯಿ ಕಟ್ಟಿಲ್ಲ ಅಂತ ಯಾಕೆ ಅಂದುಕೊಂಡಿರಿ? ಕಾಲೇಜಿನಿಂದ ಕಟ್ಟುತ್ತಲೇ ಇದ್ದೇನೆ.

ನಾನು: ಅತ್ತೆ, ಈ ಮಾತು ಅವಳಿಗೆ ತುಂಬಾ ನೋವು ಕೊಡುತ್ತದೆ. ತೂಕ ಇಳಿಸಿದಾಗ ದೇಹ ಅದನ್ನು ವಾಪಸ್ ತರಲು ನೋಡುತ್ತದೆ. ಹಸಿವು ಏರುತ್ತದೆ. ಮೈ ಕಡಿಮೆ ಶಕ್ತಿ ಖರ್ಚು ಮಾಡಲು ಶುರು ಮಾಡುತ್ತದೆ. ಇಳಿದು ಮತ್ತೆ ಏರಿದವರಿಗೆಲ್ಲ ಮನಸ್ಸು ಗಟ್ಟಿ ಇಲ್ಲ ಅನ್ನುವುದು ಅನ್ಯಾಯ. ನಡೆಯುವುದು ಒಳ್ಳೆಯದು, ಈಗಲೂ ನಡೆಯುತ್ತಾಳೆ. ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ.

ರಾಜಾಜಿನಗರ ಚಿಕ್ಕಪ್ಪ: ಆಪರೇಷನ್ ವಿಷಯ ನಮ್ಮ ಮನೆಯಲ್ಲಿ ಮುಗಿದಿದೆ ಅಣ್ಣ, ಆಗಲಿ ಅಂದಿದ್ದೇವೆ. ದುಡ್ಡಿನ ಚಿಂತೆ ಒಂದಿದೆ. ಆದರೆ ಆ ಸಭೆ ಯಾಕೆ ಅಂತ ನನಗೂ ತಿಳಿಯುತ್ತಿಲ್ಲ. ಡಾಕ್ಟರಿದ್ದಾರೆ, ಡಯಟಿಷಿಯನ್ ಇದ್ದಾರೆ, ನಾವಿದ್ದೇವೆ. ಇನ್ನು ಯಾರು ಬೇಕು?

ವೈಟ್‌ಫೀಲ್ಡ್ ಅಣ್ಣ: ದುಡ್ಡಿಗೆ ಇನ್ಶೂರೆನ್ಸ್ ನೋಡಿ ಚಿಕ್ಕಪ್ಪ. ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐನ 2019ರ ನಿಯಮದಲ್ಲಿ ಬರೆದಿದೆ. ವಯಸ್ಸು 18 ದಾಟಿರಬೇಕು, ಡಾಕ್ಟರ ಸಲಹೆ ಇರಬೇಕು. ಬಿಎಂಐ 40 ಅಥವಾ ಜಾಸ್ತಿ ಇರಬೇಕು. ಇಲ್ಲವೇ 35 ಅಥವಾ ಜಾಸ್ತಿ ಇದ್ದು, ಬೇರೆ ಚಿಕಿತ್ಸೆ ಫಲಿಸದೆ, ಹತೋಟಿಗೆ ಬಾರದ ಶುಗರ್, ನಿದ್ದೆಯಲ್ಲಿ ಉಸಿರು ನಿಲ್ಲುವ ಗಂಭೀರ ಸ್ಲೀಪ್ ಆಪ್ನಿಯಾದಂಥ ಕಾಯಿಲೆ ಇರಬೇಕು. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯಾ ನೋಡಿಕೊಂಡು, ಮುಂಚೆಯೇ ಒಪ್ಪಿಗೆಗೆ ಕಾಗದ ಕಳಿಸಿ. ಪಾಲಿಸಿ ಕಾಪಿ ನನಗೆ ಹಾಕಿ, ಓದಿ ಹೇಳುತ್ತೇನೆ.

ನಾನು: ಚಿಕ್ಕಪ್ಪ, ಇನ್ನು ಯಾರು ಬೇಕು ಅಂದಿರಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನನ್ನ ಆಪರೇಷನ್‌ಗೆ ಮುಂಚೆ ಡಾಕ್ಟರು ಎಲ್ಲ ಹೇಳಿದ್ದರು. ಲಿವರ್ ಕುಗ್ಗಲಿ ಅಂತ ಎರಡು ವಾರ ಹಿಟ್ಟಿನಂಶ ಕಡಿಮೆ, ಪ್ರೋಟೀನ್ ಜಾಸ್ತಿ ಇರುವ ಊಟ. ಎಂಡೋಸ್ಕೋಪಿ, ರಕ್ತ ಪರೀಕ್ಷೆ, ನಿದ್ದೆಯ ಪರೀಕ್ಷೆ, ಮನೋವೈದ್ಯರ ಜೊತೆ ಮಾತು. ಎಲ್ಲ ಆಯಿತು. ಕಾಗದದಲ್ಲಿ ಬರೆದೂ ಕೊಟ್ಟರು. ಆದರೆ ಕಾಗದದಲ್ಲಿ ಇಲ್ಲದ್ದು ತುಂಬಾ ಇದೆ.

ಆ ಎರಡು ವಾರ ಮನೆಯಲ್ಲಿ ಎಲ್ಲರೂ ಬಿಸಿಬೇಳೆಬಾತ್ ತಿನ್ನುವಾಗ ನೀನು ಎಲ್ಲಿ ಕೂರಬೇಕು ಅಂತ ಡಯಟಿಷಿಯನ್ ಹೇಳುವುದಿಲ್ಲ. ನನಗೆ ಹೇಳಿದ್ದು ಹನುಮಂತನಗರದ ಒಬ್ಬ ಟೀಚರ್, ಇಂಥದ್ದೇ ಸಭೆಯಲ್ಲಿ. ಅದೇ ಹೊತ್ತಿಗೆ ವಾಕಿಂಗ್ ಹೋಗಿಬಿಡಮ್ಮ ಅಂದರು. ಅಷ್ಟೇ. ಅದು ನನ್ನನ್ನು ಉಳಿಸಿತು.

ಆಪರೇಷನ್ ಆದ ಮೂರನೇ ವಾರ ತೂಕದ ಮುಳ್ಳು ನಿಂತುಬಿಟ್ಟಿತು. ಕುಡಿಯುತ್ತಿದ್ದದ್ದು ಮಜ್ಜಿಗೆ, ಸೂಪು, ಪ್ರೋಟೀನ್ ಪುಡಿ ಕಲಸಿದ ಹಾಲು. ಆದರೂ ಇಳಿಯುತ್ತಿಲ್ಲ. ಆಪರೇಷನ್ ಕೆಟ್ಟುಹೋಯಿತು ಅಂತ ಅತ್ತುಬಿಟ್ಟೆ. ಮನೆಯಲ್ಲಿ ಎಲ್ಲರೂ ಗಾಬರಿಯಾದರು, ನನಗೆ ಇನ್ನೂ ಭಯವಾಯಿತು. ಆ ಸಭೆಯವರ ಗುಂಪಿನಲ್ಲಿ ಕೇಳಿದರೆ ಒಬ್ಬರಾದ ಮೇಲೊಬ್ಬರು "ನನಗೂ ಹಾಗೇ ಆಗಿತ್ತು, ಮುಂದಿನ ವಾರ ಇಳಿಯುತ್ತದೆ" ಅಂದರು. ಇಳಿಯಿತು. ಆಮೇಲೆ ಕೂದಲು. ಮೂರನೆಯ, ನಾಲ್ಕನೆಯ ತಿಂಗಳಲ್ಲಿ ಬಾಚಣಿಗೆ ಮುಟ್ಟಲು ಹೆದರಿಕೆ. ಕೂದಲು ವಾಪಸ್ ಬರುತ್ತದೆ ಅಂತ ಡಾಕ್ಟರೂ ಹೇಳಿದ್ದರು. ಆದರೆ ಒಬ್ಬಳು ನನ್ನ ಮುಂದೆ ಕೂತು ಜಡೆ ಬಿಚ್ಚಿ, ಹಣೆಯ ಹತ್ತಿರ ಬಂದ ಹೊಸ ಕೂದಲು ತೋರಿಸಿದಳು. ಅವತ್ತು ನಂಬಿದೆ.

ಇನ್ನೊಂದು ವಿಷಯ. ಹೊಟ್ಟೆ ತುಂಬಿದ್ದರೂ ಮನಸ್ಸು ತಿನ್ನು ಅನ್ನುತ್ತದೆ. ಬೇಜಾರಾದಾಗ ತಿನ್ನುವ ಅಭ್ಯಾಸ ಇದ್ದವರಿಗೆ ಆ ದಾರಿ ಒಂದೇ ಸಲ ಮುಚ್ಚಿಹೋಗುತ್ತದೆ. ಅಳು ಬರುತ್ತದೆ. ಕೆಲವರು ಕುಡಿತಕ್ಕೆ ಬೀಳುತ್ತಾರೆ, ಈ ಸರ್ಜರಿ ಆದ ಮೇಲೆ ಅಮಲು ಬೇಗ ಏರುತ್ತದೆ. ಇದನ್ನು ಮನೆಯವರ ಹತ್ತಿರ ಹೇಳಿದರೆ "ಇಷ್ಟು ಖರ್ಚು ಮಾಡಿ ಈಗ ಅಳುತ್ತೀಯಾ" ಅನ್ನುತ್ತಾರೆ ಅಂತ ಭಯ. ಅಲ್ಲಿ ಹೇಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ.

ರಾಜಾಜಿನಗರ ಚಿಕ್ಕಮ್ಮ: ನಾನು ಹಾಗೆ ಅನ್ನುತ್ತೇನಾ?

ಪುಟ್ಟಿ: ಇಲ್ಲಮ್ಮ. ಆದರೆ ನೀನು ಅಳುತ್ತೀಯ. ಆಮೇಲೆ ನಾನು ನಿನ್ನನ್ನು ಸಮಾಧಾನ ಮಾಡಬೇಕು.

ವೈಟ್‌ಫೀಲ್ಡ್ ಅಣ್ಣ: ನನ್ನದೊಂದು ಪ್ರಶ್ನೆ. ಈ ಸಭೆಗೆ ತಪ್ಪದೆ ಹೋಗುವವರ ತೂಕ ಜಾಸ್ತಿ ಇಳಿದಿರುತ್ತದೆ ಅಂತ ಹಲವು ಅಧ್ಯಯನ ಹೇಳುತ್ತವೆ, ನಿಜ. ಆದರೆ ಶಿಸ್ತು ಇರುವವರೇ ಹೋಗುತ್ತಾರೆ ಅಂತಲೂ ಇರಬಹುದಲ್ಲ? ಇನ್ನೊಂದು, ಅಲ್ಲಿ ಯಾರೋ ಬಂದು ಪೌಡರ್ ಮಾರಿದರೆ?

ನಾನು: ಎರಡೂ ಸರಿಯಾದ ಮಾತು ಅಣ್ಣ. ಮೊದಲನೆಯದಕ್ಕೆ, ಇರಬಹುದು. ನಾನು ಹೋಗು ಅನ್ನುವುದು ಹೆಚ್ಚು ಕಿಲೋ ಇಳಿಯಲಿ ಅಂತಲ್ಲ, ಅವಳು ಒಂಟಿಯಾಗಬಾರದು ಅಂತ. ಎರಡನೆಯದಕ್ಕೆ, ಮಾರುವವರು ಬರುವ ಸಭೆಗೆ ಮತ್ತೆ ಹೋಗಬಾರದು. ಇದರಲ್ಲಿ ಡಯಟಿಷಿಯನ್ ಕೂತಿರುತ್ತಾರೆ. ಯಾರಾದರೂ ಮಾತ್ರೆ ನಿಲ್ಲಿಸು, ಆ ಟಾನಿಕ್ ತಗೋ ಅಂದರೆ ಅಲ್ಲೇ ತಡೆಯುತ್ತಾರೆ. ಔಷಧಿ ವಿಷಯ ಡಾಕ್ಟರದ್ದೇ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು. ಒಂದು ವರ್ಷ ತಗೊಂಡು ಚೆನ್ನಾಗಿದ್ದೇನೆ ಅಂತ ಬಿಡುವವರು ತುಂಬಾ ಇದ್ದಾರೆ. ಅದನ್ನೂ ಹಳಬರೇ ಕೇಳಿ ಕೇಳಿ ಬೈಯುತ್ತಾರೆ.

ಜಯನಗರ ದೊಡ್ಡಪ್ಪ: ಅಂದರೆ ನಮ್ಮ ಪ್ರೀತಿ ಸಾಲದು. ಅಲ್ಲಿಯವರದ್ದು ಸಾಕು.

ನಾನು: ಹಾಗಲ್ಲ ದೊಡ್ಡಪ್ಪ. ನಮ್ಮ ಮನೆಯಲ್ಲಿ ಪ್ರೀತಿ ಅಂದರೆ ಬಡಿಸುವುದು. ಎಲೆ ಖಾಲಿ ಕಂಡರೆ ನಮಗೆ ಕೈ ನಿಲ್ಲುವುದಿಲ್ಲ. ನನ್ನ ಆಪರೇಷನ್ ಆದ ವರ್ಷ ಗೃಹಪ್ರವೇಶದಲ್ಲಿ "ಒಂದೇ ಒಂದು ಒಬ್ಬಟ್ಟು, ನನಗೋಸ್ಕರ" ಅಂತ ಎಷ್ಟು ಜನ ಹಾಕಲು ಬಂದರು ನೆನಪಿದೆಯಾ? ಸಿಹಿ ಜಾಸ್ತಿ ಆದರೆ ಕೆಲವರಿಗೆ ಎದೆ ಡವಡವ, ಬೆವರು, ಭೇದಿ ಶುರುವಾಗುತ್ತದೆ. ಬೇಡ ಅಂದರೆ ಸೊಕ್ಕು ಅಂದುಕೊಂಡರು. ಹೇಗೆ ನಿಭಾಯಿಸಬೇಕು ಅಂತ ಕಲಿಸಿದ್ದು ಅಲ್ಲಿಯವರು. ಮೊದಲ ಪಂಕ್ತಿಗೆ ಕೂರಬೇಡ, ಬಡಿಸುವವರ ಜೊತೆ ಸೇರಿಕೋ, ಆಮೇಲೆ ಸಣ್ಣ ಬಟ್ಟಲಿನಲ್ಲಿ ಮೊದಲು ಬೇಳೆ, ಮೊಸರು ತಿನ್ನು ಅಂದರು. ಪ್ರೀತಿ ನಿಮ್ಮದೇ. ಆ ಅನುಭವ ಮಾತ್ರ ನಿಮ್ಮ ಹತ್ತಿರ ಇಲ್ಲ, ಅದನ್ನು ಅವರ ಹತ್ತಿರ ತಗೊಳ್ಳಲಿ.

ವಿಜಯನಗರ ಅತ್ತೆ: ಆ ಗೃಹಪ್ರವೇಶದಲ್ಲಿ ನಾನೂ ಹಾಕಿದ್ದೆ ಅನ್ನಿಸುತ್ತದೆ. ಹೀಗೆಲ್ಲ ಆಗುತ್ತದೆ ಅಂತ ಯಾರೂ ಹೇಳಲಿಲ್ಲವಲ್ಲೇ.

ನಾನು: ಅದಕ್ಕೇ ಮನೆಯವರೂ ಬರಬೇಕು ಅನ್ನುವುದು ಅತ್ತೆ. ಬೇರೆ ಮನೆಯ ಅಮ್ಮಂದಿರೂ ಬರುತ್ತಾರೆ, ನಿಮ್ಮಂಥವರೇ.

ರಾಜಾಜಿನಗರ ಚಿಕ್ಕಮ್ಮ: ನಾನು ಬರುತ್ತೇನೆ. ಈಗಲೇ ಒಂದು ಹೇಳು. ಆಸ್ಪತ್ರೆಯಿಂದ ಬಂದ ಮೇಲೆ ರಾಗಿ ಗಂಜಿ, ಬೇಳೆ ಕಟ್ಟು ಕೊಟ್ಟರೆ ಸಾಕಲ್ವಾ?

ನಾನು: ಮೊದಲ ಒಂದೆರಡು ದಿನ ಬರೀ ತಿಳಿ ನೀರಿನಂಥದ್ದು. ಆಮೇಲೆ ಸುಮಾರು ಎರಡು ವಾರ ಕುಡಿಯುವಂಥದ್ದು. ನಂತರ ರುಬ್ಬಿದ್ದು, ಮೆತ್ತಗಿನದು. ಮಾಮೂಲಿ ಊಟಕ್ಕೆ ಒಂದೂವರೆ, ಎರಡು ತಿಂಗಳು. ಆಸ್ಪತ್ರೆಯ ಪಟ್ಟಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಬೇಳೆ ಕಟ್ಟಿನಲ್ಲಿ ಪ್ರೋಟೀನ್ ತೀರಾ ಕಡಿಮೆ ಚಿಕ್ಕಮ್ಮ, ದಿನಕ್ಕೆ 60 ಗ್ರಾಂ ಬೇಕು. ಅದಕ್ಕೇ ಪುಡಿ ಕೊಡುತ್ತಾರೆ. ರುಬ್ಬಿದ್ದು ಶುರುವಾದಾಗ ಬೇಳೆಯನ್ನೇ ನುಣ್ಣಗೆ ರುಬ್ಬಿ, ಪನೀರು, ಗಟ್ಟಿ ಮೊಸರು, ಅವಳು ತಿಂದರೆ ಮೊಟ್ಟೆಯ ಬಿಳಿ. ನೀರು ಗುಟುಕು ಗುಟುಕಾಗಿ ದಿನವಿಡೀ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಅಂತರ ಇರಲಿ. ಮುದ್ದೆ ಬೇಡವೇ ಬೇಡ, ನಾವು ಅದನ್ನು ಅಗಿಯದೆ ನುಂಗುತ್ತೇವೆ. ಅವಳು ಪ್ರತಿ ತುತ್ತನ್ನೂ ಅರೆದು ತಿನ್ನಬೇಕು.

ರಾಜಾಜಿನಗರ ಚಿಕ್ಕಪ್ಪ: ಏನಾದರೂ ಹೆಚ್ಚುಕಮ್ಮಿ ಆದರೆ ನಮಗೆ ಹೇಗೆ ಗೊತ್ತಾಗಬೇಕು?

ನಾನು: ಜ್ವರ, ಜೋರಾಗಿ ಹೊಡೆಯುವ ನಾಡಿ, ಕಡಿಮೆಯಾಗದ ಹೊಟ್ಟೆನೋವು, ಎಡಭುಜದ ನೋವು, ಏದುಸಿರು, ಮೀನಖಂಡ ಊದಿಕೊಂಡು ನೋಯುವುದು. ಇದರಲ್ಲಿ ಯಾವುದು ಕಂಡರೂ ತಡ ಮಾಡಬೇಡಿ. ಹೊಲಿಗೆಯ ಕಡೆ ಸೋರಿಕೆ ಆಗಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು. ನೀರೂ ನಿಲ್ಲದೆ ವಾಂತಿಯಾಗುತ್ತಿದ್ದರೂ ಅಷ್ಟೇ. ಆಗ ಈ ಗುಂಪಿನಲ್ಲೂ ಕೇಳಬೇಡಿ, ಆ ಗುಂಪಿನಲ್ಲೂ ಕೇಳಬೇಡಿ. ಮನೆಮದ್ದೂ ಬೇಡ. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ರಾಜಾಜಿನಗರದಿಂದ ಸಂಜೆ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ಮುಂಚೆಯೇ ನೋಡಿಟ್ಟುಕೊಳ್ಳಿ.

ಜಯನಗರ ದೊಡ್ಡಪ್ಪ: ಸಭೆಗೆ ನಾನು ಬರುವುದಿಲ್ಲ. ಅಲ್ಲಿ ಕೂತು ಕೇಳುವ ಮನಸ್ಸಿಲ್ಲ. ಸೋಮವಾರ ಆಸ್ಪತ್ರೆಗೆ ಹೋಗುತ್ತೇನೆ. ಐಸಿಯು, ರಾತ್ರಿ ಡಾಕ್ಟರು, ಎಲ್ಲ ನಾನೇ ಕೇಳುತ್ತೇನೆ. ಸರ್ಜನ್ ಹೆಸರು ಕಳಿಸು ಪುಟ್ಟಿ.

ಪುಟ್ಟಿ: ಕಳಿಸಿದೆ ದೊಡ್ಡಪ್ಪ. ಅವರು ಬೆಳಗ್ಗೆ 11ರಿಂದ ಸಿಗುತ್ತಾರೆ. ನಾನೂ ಜೊತೆಗೆ ಬರುತ್ತೇನೆ.